ನಿಂತಲ್ಲೇ ತಿರುಗುವ ಚಕ್ರ: ಮುಂಚಕ್ರ ಚಾಲನೆಯ ಚರಿತ್ರೆ ಮತ್ತು ಹೆಬ್ಬಗೋಡಿಯ ರಸ್ತೆ

1

ಚರಿತ್ರೆಗೆ ಆಧಾರಗಳು ಯಾವುವೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತಗಳನ್ನು ಒಡನೆಯೇ ಹೆಸರಿಸುತ್ತಾರೆ. ಅದು ಸರಿಯೇ. ಆನೇಕಲ್ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ಪರಿಶ್ರಮದಿಂದ 1905ರಲ್ಲಿಯೇ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟವಾಗಿರುವುದರಿಂದ, ಈ ಸೀಮೆಯ ಪೂರ್ವಕಾಲವನ್ನು ಕುರಿತು ಬರೆಯುವವರಿಗೆ ಭದ್ರವಾದ ನೆಲೆಯೊಂದು ದೊರೆತಿದೆ. ಆದರೆ ನಮ್ಮ ಕಾಲದ ಜೀವನವೆಲ್ಲವೂ ಕಲ್ಲಿನ ಮೇಲೆ ಬರೆಯಲ್ಪಡುವುದಿಲ್ಲ. ಅದರ ಅನೇಕ ಗುರುತುಗಳು ಬೇಗ ಅಳಿದುಹೋಗತಕ್ಕ ವಸ್ತುಗಳ ಮೇಲೆ ಬೀಳುತ್ತವೆ. ಅವುಗಳನ್ನು ಓದುವುದಕ್ಕೂ ಒಂದು ಶಿಕ್ಷಣ ಬೇಕಾಗುತ್ತದೆ.

ಅಂಥ ಒಂದು ಗುರುತೇ ಪ್ರಸ್ತುತ ಲೇಖನದ ವಿಷಯ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ದಾಟಿದೊಡನೆ ಹೆಬ್ಬಗೋಡಿ ಬರುತ್ತದೆ. ಅದಕ್ಕೆ ಹೊಂದಿಕೊಂಡೇ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವಿದೆ. ಹಗಲಿನಲ್ಲಿ ಲಾರಿಗಳೂ ಕಾರ್ಖಾನೆಯ ಬಸ್ಸುಗಳೂ ಕಿಕ್ಕಿರಿದಿರುವ ಇಲ್ಲಿಯ ಒಳರಸ್ತೆಗಳು ಭಾನುವಾರದ ರಾತ್ರಿ ಬಹುಮಟ್ಟಿಗೆ ನಿರ್ಜನವಾಗಿರುತ್ತವೆ. ಸೋಮವಾರ ಬೆಳಗ್ಗೆ ಅಲ್ಲಿ ನಡೆದು ಹೋಗುವವರಿಗೆ ಕೆಲವೆಡೆ ಡಾಂಬರಿನ ಮೇಲೆ ಬಾಗಿದ ಕಪ್ಪು ಪಟ್ಟೆಗಳು ಕಾಣಸಿಗುತ್ತವೆ. ಕಾರಿನ ಚಕ್ರವನ್ನು ನಿಂತ ಸ್ಥಳದಲ್ಲಿಯೇ ರಭಸದಿಂದ ತಿರುಗಿಸಿ, ಟೈರನ್ನು ನೆಲಕ್ಕೆ ಉಜ್ಜಿ ಹೊಗೆಯೆಬ್ಬಿಸುವ ಆಟದ ಗುರುತು ಅದು. ತರುಣರು ಇದನ್ನು ‘ಬರ್ನ್‌ಔಟ್’ ಎನ್ನುತ್ತಾರೆ. ಕನ್ನಡದಲ್ಲಿ ಬೇರೆ ಹೆಸರು ರೂಢಿಗೆ ಬಾರದಿರುವುದರಿಂದ ನಾವೂ ಆ ಹೆಸರನ್ನೇ ಬಳಸುತ್ತೇವೆ.

ಇದನ್ನು ಚರಿತ್ರೆಯ ವಿಷಯವೆಂದು ಎತ್ತಿಕೊಳ್ಳಲು ಕಾರಣನಾದವನು ನಮ್ಮ ಪದವಿ ತರಗತಿಯ ಒಬ್ಬ ವಿದ್ಯಾರ್ಥಿ. ಆತನ ಅಣ್ಣ ಸಾಲದ ಮೇಲೆ ಕೊಂಡ ಚಿಕ್ಕ ಕಾರೊಂದನ್ನು ಬಾಡಿಗೆಗೆ ಓಡಿಸಿ ಮನೆ ನಡೆಸುವವರು. ಒಂದು ಭಾನುವಾರ ರಾತ್ರಿ ಅಣ್ಣನಿಗೆ ತಿಳಿಸದೆ ಆ ಕಾರನ್ನು ತೆಗೆದುಕೊಂಡು ಹೋಗಿ, ನಾಲ್ವರು ಗೆಳೆಯರೊಡನೆ ಆತ ಈ ಆಟವನ್ನು ಆಡಿದ. ಎದುರಿಗೆ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ ಗೆಳೆಯನ ಕಡೆಗೆ ಕಾರು ಜಾರಿತು. ಅವನು ಪಕ್ಕದ ಚರಂಡಿಗೆ ಹಾರಿ ಮಂಡಿಯ ಪೆಟ್ಟಿನಿಂದಷ್ಟೇ ಪಾರಾದ. ಕಾರಿನ ಕ್ಲಚ್ಚು ಸುಟ್ಟಿತ್ತು, ಬಲಗಡೆಯ ಆಕ್ಸಲಿನ ಸಂದು ಮುರಿದಿತ್ತು. ಹದಿನೈದು ದಿನ ಅಣ್ಣನ ಸಂಪಾದನೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ತರಗತಿಗೆ ಬಾರದಿದ್ದುದಕ್ಕೆ ಕಾರಣ ಕೇಳಿದಾಗ ಆತ ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, “ಹ್ಯಾಂಡ್‌ಬ್ರೇಕು ಹಾಕಿದ್ದೆ ಸಾರ್, ಗಾಡಿ ನಿಂತೇ ಇರುತ್ತೆ ಅಂದುಕೊಂಡಿದ್ದೆ. ಇದನ್ನ ಮೊದಲು ಮಾಡಿದವರು ಯಾಕೆ ಮಾಡಿದರು ಸಾರ್?” ಎಂದು ಕೇಳಿದ.

ಆತ ತಿಳಿಯದೆಯೇ ಕೇಳಿದ ಪ್ರಶ್ನೆ ಚರಿತ್ರಕಾರನ ಪ್ರಶ್ನೆಯೇ ಆಗಿತ್ತು. ಒಂದು ಆಚಾರವು ಎಲ್ಲಿ, ಯಾವ ಅಗತ್ಯದಿಂದ ಹುಟ್ಟಿತು. ಅಲ್ಲಿಂದ ಬೇರೊಂದು ನೆಲಕ್ಕೆ ಬಂದಾಗ ಅದರಲ್ಲಿ ಉಳಿದುದೇನು, ಕಳೆದುದೇನು ಎಂಬ ವಿಚಾರ ನಮ್ಮ ಶಾಸ್ತ್ರದ ಮುಖ್ಯ ವಿಚಾರಗಳಲ್ಲಿ ಒಂದು. ಆ ಕ್ರಮದಲ್ಲಿ ಈ ಆಟವನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

2

ಬರ್ನ್‌ಔಟಿನ ಮೂಲದಲ್ಲಿರುವುದು ಎಳೆತದ ಪ್ರಶ್ನೆ. ಭಾರವಾದುದನ್ನು ನೆಲದ ಮೇಲೆ ಸಾಗಿಸುವ ಬಲ ಎಲ್ಲಿಂದ ಬರಬೇಕು, ಅದು ನೆಲವನ್ನು ಹೇಗೆ ಹಿಡಿಯಬೇಕು ಎಂಬ ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ದೊರೆಗಳ ಸೈನ್ಯದ ಚುರುಕಿಗೆ ಅಮೃತಮಹಲ್ ಎತ್ತುಗಳು ಬಹುಮಟ್ಟಿಗೆ ಕಾರಣವಾಗಿದ್ದುವೆಂಬುದು ಸರ್ವವಿದಿತ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಇದಕ್ಕೆ ಪ್ರತಿಯಾಗಿ, 1799ರ ಮಾರ್ಚ್ ತಿಂಗಳಿನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಕೆಲಮಂಗಲ, ಆನೇಕಲ್ ಮಾರ್ಗವಾಗಿ ಶ್ರೀರಂಗಪಟ್ಟಣದತ್ತ ಸಾಗಿದಾಗ ಅದರ ಎತ್ತುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು, ಸೈನ್ಯದ ನಡೆಯೇ ಕುಂಠಿತವಾಯಿತು. ಫಿರಂಗಿಯೂ ಮದ್ದುಗುಂಡೂ ಎಷ್ಟಿದ್ದರೇನು, ಎಳೆಯುವವರಿಲ್ಲದಿದ್ದರೆ ಅವು ನಿಂತಲ್ಲಿಯೇ ನಿಲ್ಲುತ್ತವೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಎತ್ತಿನ ಗಾಡಿಯಲ್ಲಿ ಚಕ್ರವು ತಾನಾಗಿ ಏನನ್ನೂ ಮಾಡುವುದಿಲ್ಲ. ನೆಲವನ್ನು ಹಿಡಿಯುವುದು ಎತ್ತಿನ ಗೊರಸು. ಬಲವು ನೊಗ ಮೂಕಿಗಳ ಮೂಲಕ ಗಾಡಿಯನ್ನು ಮುಂದಿನಿಂದ ಎಳೆಯುತ್ತದೆ. ಚಕ್ರ ಸುಮ್ಮನೆ ಉರುಳುತ್ತದೆ. ಹೆಬ್ಬಗೋಡಿಗೆ ಸಮೀಪದ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಗ್ರಾಮಗಳಿಂದ ಬರುವ, ನೂರು ಅಡಿಗೂ ಮೀರಿದ ತೇರುಗಳ ವಿಷಯವೂ ಹೀಗೆಯೇ. ಎತ್ತುಗಳು, ಜನರು, ಈಚೆಗೆ ಟ್ರ್ಯಾಕ್ಟರುಗಳು ಅವುಗಳನ್ನು ಮುಂದಿನಿಂದ ಎಳೆಯುತ್ತವೆ. ಹೀಗೆ ಎಳೆಯಲ್ಪಡುವ ಚಕ್ರವು ನಿಂತ ಸ್ಥಳದಲ್ಲಿ ತಿರುಗುವ ಸಂಭವವೇ ಇಲ್ಲ. ಆ ಸಂಭವವು ಹುಟ್ಟಿದ್ದು ಎಂಜಿನು ಬಂದು, ಚಕ್ರವೇ ನೆಲವನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯಬೇಕಾದಾಗ. ನೆಲದ ಹಿಡಿತಕ್ಕಿಂತ ಎಂಜಿನಿನ ಬಲ ಹೆಚ್ಚಾದ ಕ್ಷಣದಲ್ಲಿ ಚಕ್ರ ಜಾರಿ ತಿರುಗುತ್ತದೆ. ಬರ್ನ್‌ಔಟ್ ಎಂಬುದು ಈ ಸೋಲನ್ನೇ ಬೇಕೆಂದು ಉಂಟುಮಾಡುವ ಕ್ರಿಯೆ.

3

ಯಾವ ಚಕ್ರಗಳಿಗೆ ಎಂಜಿನಿನ ಬಲವನ್ನು ಕೊಡಬೇಕು, ಮುಂದಿನವಕ್ಕೋ ಹಿಂದಿನವಕ್ಕೋ ಎಂಬ ಚರ್ಚೆ ಮೋಟಾರಿನಷ್ಟೇ ಹಳೆಯದು. ಫ್ರಾನ್ಸಿನ ಕುಗ್ನೋ ಎಂಬ ಸೈನಿಕ ಎಂಜಿನಿಯರು 1769-70ರಲ್ಲಿ ಫಿರಂಗಿಗಳನ್ನು ಸಾಗಿಸಲೆಂದು ನಿರ್ಮಿಸಿದ ಉಗಿಗಾಡಿಯಲ್ಲಿ ಮೂರು ಚಕ್ರಗಳಿದ್ದು, ಬಲವು ಮುಂದಿನ ಒಂದೇ ಚಕ್ರಕ್ಕೆ ಸೇರುತ್ತಿತ್ತು. ಸ್ವಬಲದಿಂದ ನಡೆಯುವ ಗಾಡಿಗಳಲ್ಲಿ ಮೊತ್ತಮೊದಲಿನ ಸಾಲಿಗೆ ಸೇರುವ ಈ ಯಂತ್ರ, ಎತ್ತು ಕುದುರೆಗಳಂತೆ ಮುಂದಿನಿಂದಲೇ ಎಳೆಯಿತು. ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದಿಗೂ ನೋಡಬಹುದು.

ಹೀಗಿದ್ದಾಗ್ಯೂ ಮೋಟಾರು ಕಾರಿನ ಮೊದಲ ಅರ್ಧ ಶತಮಾನದಲ್ಲಿ ಹಿಂಚಕ್ರ ಚಾಲನೆಯೇ ಮೇಲುಗೈ ಪಡೆಯಿತು. ಇದಕ್ಕೆ ಕಾರಣ ಸ್ಪಷ್ಟ. ಮುಂದಿನ ಚಕ್ರಗಳು ದಿಕ್ಕು ಬದಲಾಯಿಸಲು ಪಕ್ಕಕ್ಕೆ ಹೊರಳಬೇಕು. ಹೊರಳಿದ ಚಕ್ರಕ್ಕೆ ಬಲವನ್ನು ಮುಟ್ಟಿಸುವ ಸಂದು, ಅಂದಿನ ಸಾಧಾರಣ ರೀತಿಯದಾದರೆ, ಒಂದೊಂದು ಸುತ್ತಿನಲ್ಲಿಯೂ ಎರಡೆರಡು ಸಲ ವೇಗವನ್ನು ಏರಿಸಿ ಇಳಿಸುತ್ತಿತ್ತು. ಸ್ಟೀರಿಂಗು ಕೈಯಲ್ಲಿ ನಡುಗುತ್ತಿತ್ತು. ಏಕರೀತಿಯ ವೇಗವನ್ನು ಕೊಡುವ ಸಂದುಗಳು 1920ರ ದಶಕದಲ್ಲಿ ರೂಪುಗೊಂಡ ಮೇಲೆ ಮಾರ್ಗವು ತೆರೆಯಿತು. ಫ್ರಾನ್ಸಿನಲ್ಲಿ ಗ್ರೆಗ್ವಾರ್, ಅಮೆರಿಕದಲ್ಲಿ ರ್‍ಜೆಪ್ಪಾ ಈ ಕಾರ್ಯದಲ್ಲಿ ಹೆಸರಾದವರು. 1931ರಲ್ಲಿ ಜರ್ಮನಿಯ ಡಿ.ಕೆ.ಡಬ್ಲ್ಯು., 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್, 1959ರಲ್ಲಿ ಇಂಗ್ಲೆಂಡಿನ ಮಿನಿ ಈ ಮಾರ್ಗದ ಮೈಲಿಗಲ್ಲುಗಳು. ಮಿನಿಯಲ್ಲಿ ಇಸಿಗೋನಿಸ್ ಅವರು ಎಂಜಿನನ್ನು ಅಡ್ಡಲಾಗಿರಿಸಿ, ಚಿಕ್ಕ ಕಾರಿನಲ್ಲಿಯೂ ನಾಲ್ವರು ಕೂರಲು ಸ್ಥಳ ಮಾಡಿಕೊಟ್ಟರು. ಮುಂಚಕ್ರ ಚಾಲನೆಯ ಪ್ರಧಾನ ಗುಣ ಮಿತವ್ಯಯವೆಂಬುದನ್ನು ಇಲ್ಲಿ ಮನಸ್ಸಿನಲ್ಲಿಡಬೇಕು. ಹಿಂದಿನವರೆಗೆ ಹಾಯುವ ಉದ್ದದ ಷಾಫ್ಟು ಇಲ್ಲ, ತೂಕ ಕಡಿಮೆ, ಒಳಗೆ ಸ್ಥಳ ಹೆಚ್ಚು.

ನಮ್ಮ ದೇಶದಲ್ಲಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರೂ ಹಿಂಚಕ್ರದ ಕಾರುಗಳಾಗಿದ್ದುವು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಜನಸಾಮಾನ್ಯರಿಗೆ ಮುಂಚಕ್ರ ಚಾಲನೆಯನ್ನು ಪರಿಚಯ ಮಾಡಿಸಿತು. ಅದರ ಹಿಂದಿದ್ದ ಸುಜುಕಿ ಸಂಸ್ಥೆ 1955ರ ತನ್ನ ಮೊದಲನೆಯ ಕಾರಿನಿಂದಲೇ ಈ ಕ್ರಮವನ್ನು ಬಲ್ಲದ್ದಾಗಿತ್ತು. ಮುಂದೆ ಝೆನ್, 1998ರ ಸ್ಯಾಂಟ್ರೊ ಮತ್ತು ಇಂಡಿಕಾ ಮುಂತಾದುವೂ ಅದೇ ದಾರಿ ಹಿಡಿದುವು. ಕರ್ನಾಟಕದೊಳಗೂ ಈ ಪರಿವರ್ತನೆಗೆ ಒಳ್ಳೆಯ ನಿದರ್ಶನವಿದೆ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಹೊರಬಂದ ಕ್ವಾಲಿಸ್, 2005ರ ಇನ್ನೋವಾ ಎರಡೂ ಹಿಂಚಕ್ರದ ಗಾಡಿಗಳು. 2022ರಲ್ಲಿ ಪ್ರದರ್ಶಿತವಾದ ಇನ್ನೋವಾ ಹೈಕ್ರಾಸ್ ಮುಂಚಕ್ರದ್ದು. ಹೆಬ್ಬಗೋಡಿಯ ನೆರೆಯ ಬೊಮ್ಮಸಂದ್ರದಲ್ಲಿಯೇ ಹುಟ್ಟಿ 2001ರಲ್ಲಿ ಮಾರಾಟಕ್ಕೆ ಬಂದ ವಿದ್ಯುತ್ ಕಾರು ರೇವಾ ಮಾತ್ರ ಹಿಂಚಕ್ರಕ್ಕೇ ಬಲವನ್ನು ಕೊಟ್ಟಿತ್ತು. ಒಟ್ಟಿನಲ್ಲಿ ಇಂದು ಇಲ್ಲಿಯ ಸಾಧಾರಣ ಮನೆಯ ಮುಂದೆ ನಿಂತಿರುವ ಚಿಕ್ಕ ಕಾರು ಬಹುತೇಕ ಮುಂಚಕ್ರದ್ದೇ. ಅದು ದುಡಿಮೆಗಾಗಿ, ಉಳಿತಾಯಕ್ಕಾಗಿ ರೂಪುಗೊಂಡ ಯಂತ್ರ.

4

ಬರ್ನ್‌ಔಟ್ ಹುಟ್ಟಿದ ಮನೆ ಇದಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತರುಣರು ಹಳೆಯ ಕಾರುಗಳ ಎಂಜಿನನ್ನು ಬಲಪಡಿಸಿ ಬೀದಿಗಳಲ್ಲಿ ಪಂದ್ಯ ಕಟ್ಟತೊಡಗಿದರು. ಅದರಿಂದುಂಟಾದ ಹಾವಳಿಯನ್ನು ತಡೆಯಲು ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿ, ಪಂದ್ಯವನ್ನು ಬೀದಿಯಿಂದ ಗೊತ್ತುಪಡಿಸಿದ ನೇರ ಓಟದ ಪಟ್ಟಿಗೆ ಒಯ್ಯಲು ಶ್ರಮಿಸಿದರು. ಆ ಪಂದ್ಯದಲ್ಲಿ ಮೊದಲ ಕ್ಷಣದ ಹಿಡಿತವೇ ಗೆಲುವನ್ನು ನಿರ್ಧರಿಸುತ್ತದೆ. 1960ರ ದಶಕದಲ್ಲಿ ಸ್ಪರ್ಧಿಗಳು ಟೈರಿನ ಕೆಳಗೆ ರಾಳವನ್ನೋ ಬ್ಲೀಚ್ ದ್ರವವನ್ನೋ ಹಾಕಿ ಚಕ್ರವನ್ನು ಕ್ಷಣಕಾಲ ಜಾರಿಸಿ ತಿರುಗಿಸತೊಡಗಿದರು. ಮೃದು ರಬ್ಬರಿನ ಪಂದ್ಯದ ಟೈರು ಹೀಗೆ ಕಾದು ಅಂಟಂಟಾಗುತ್ತಿತ್ತು. ನೆಲಕ್ಕೆ ರಬ್ಬರಿನ ಲೇಪ ಸಿಗುತ್ತಿತ್ತು. ಮರುಕ್ಷಣದ ಓಟಕ್ಕೆ ಹಿಡಿತ ಹೆಚ್ಚುತ್ತಿತ್ತು. ಆದುದರಿಂದ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಷ್ಟು: ಮೊದಲು ಮಾಡಿದವರು ನಿಲ್ಲುವುದಕ್ಕಾಗಿ ಅದನ್ನು ಮಾಡಲಿಲ್ಲ, ಮುಂದೆ ಹೋಗುವುದಕ್ಕಾಗಿ ಮಾಡಿದರು. ಹೊಗೆ ಅದರ ಫಲವಾಗಿರಲಿಲ್ಲ, ಉಪಕ್ರಮದ ಕಸವಾಗಿತ್ತು.

ಆ ಕಾರುಗಳು ಹಿಂಚಕ್ರದವು. ಇದು ಆಕಸ್ಮಿಕವಲ್ಲ. ಗಾಡಿ ಮುಂದಕ್ಕೆ ಹಾರುವಾಗ ಅದರ ಭಾರದ ಒಂದಂಶ ಹಿಂದಕ್ಕೆ ವಾಲುತ್ತದೆ. ಉದಾಹರಣೆಗಾಗಿ 900 ಕಿಲೋ ತೂಕದ ಒಂದು ಚಿಕ್ಕ ಮುಂಚಕ್ರದ ಕಾರನ್ನು ಕಲ್ಪಿಸಿಕೊಳ್ಳೋಣ. ಎಂಜಿನು ಮುಂದಿರುವುದರಿಂದ ನೂರಕ್ಕೆ ಅರವತ್ತು ಪಾಲು, ಎಂದರೆ 540 ಕಿಲೋ, ಮುಂದಿನ ಚಕ್ರಗಳ ಮೇಲಿದೆ. 360 ಕಿಲೋ ಹಿಂದೆ. ಚಕ್ರಗಳ ನಡುವಣ ಅಂತರ 2.4 ಮೀಟರು, ಭಾರಕೇಂದ್ರದ ಎತ್ತರ ಅರ್ಧ ಮೀಟರು ಎಂದಿಟ್ಟುಕೊಂಡರೆ, ಗುರುತ್ವದ ಹತ್ತರಲ್ಲಿ ಮೂರು ಪಾಲಿನಷ್ಟು ವೇಗೋತ್ಕರ್ಷದಲ್ಲಿ ಸುಮಾರು 56 ಕಿಲೋ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಹಿಂಚಕ್ರದ ಗಾಡಿಗೆ ಇದು ಲಾಭ; ಬಲ ಕೊಡುವ ಚಕ್ರವೇ ನೆಲಕ್ಕೆ ಇನ್ನಷ್ಟು ಒತ್ತಲ್ಪಡುತ್ತದೆ. ಮುಂಚಕ್ರದ ಗಾಡಿಗೆ ಅದೇ ನಷ್ಟ. ರಭಸದಿಂದ ಹೊರಡುವಾಗ ಚಿಕ್ಕ ಕಾರಿನ ಮುಂಚಕ್ರಗಳು ಕಿರುಗುಟ್ಟಿ ಜಾರುವುದು ಈ ಕಾರಣದಿಂದ.

ಮುಂಚಕ್ರದ ಕಾರಿನಲ್ಲಿ ಬರ್ನ್‌ಔಟ್ ಮಾಡುವವರು ಹಿಂದಿನ ಚಕ್ರಗಳನ್ನು ಹ್ಯಾಂಡ್‌ಬ್ರೇಕಿನಿಂದ ಹಿಡಿದಿಟ್ಟು ಮುಂದಿನವನ್ನು ತಿರುಗಿಸುತ್ತಾರೆ. ನೋಡುವವರಿಗೆ ಇದು ಸುಲಭವೂ ನಿರಪಾಯವೂ ಆಗಿ ತೋರುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಹಿಡಿದಿಟ್ಟ ಚಕ್ರಗಳ ಮೇಲೆ 360 ಕಿಲೋ, ತಿರುಗುವ ಚಕ್ರಗಳ ಮೇಲೆ 540. ಜಾರುತ್ತಿದ್ದರೂ ಮುಂಚಕ್ರಗಳ ಎಳೆತವೇ ಹೆಚ್ಚಾಗುವ ಸಂಭವ ಬಹಳ. ಆಗ ಕಾರು ಬಿಗಿದ ಹಿಂಚಕ್ರಗಳನ್ನು ಎಳೆದುಕೊಂಡೇ ಮುಂದಕ್ಕೆ ಸರಿಯುತ್ತದೆ. ಅದಕ್ಕಿಂತಲೂ ಗುರುತರವಾದ ಸಂಗತಿ ಇನ್ನೊಂದು. ಈ ಕಾರಿನಲ್ಲಿ ಎಳೆಯುವ ಕೆಲಸವನ್ನೂ ದಿಕ್ಕು ತಿರುಗಿಸುವ ಕೆಲಸವನ್ನೂ ಮಾಡತಕ್ಕವು ಅದೇ ಎರಡು ಚಕ್ರಗಳು. ನೆಲದ ಮೇಲೆ ಉಜ್ಜುತ್ತ ತಿರುಗುವ ಟೈರಿಗೆ ಪಕ್ಕದ ಹಿಡಿತವು ಬಹುಮಟ್ಟಿಗೆ ಉಳಿಯುವುದಿಲ್ಲ. ಆದುದರಿಂದ ಸ್ಟೀರಿಂಗು ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಹಿಂಚಕ್ರದ ಕಾರಿನಲ್ಲಿ ಬಾಲ ಅತ್ತಿತ್ತ ಹೊರಳಿದರೂ ಮುಂಚಕ್ರಗಳು ಚಾಲಕನ ವಶದಲ್ಲಿರುತ್ತವೆ. ಮುಂಚಕ್ರದ ಕಾರಿನಲ್ಲಿ ಎಳೆತವೂ ದಿಕ್ಕೂ ಒಟ್ಟಿಗೆ ಕೈತಪ್ಪುತ್ತವೆ. ಎದುರಿಗೆ ನಿಂತು ಚಿತ್ರ ತೆಗೆಯುತ್ತಿದ್ದ ಗೆಳೆಯನ ಕಡೆಗೆ ಕಾರು ಜಾರಿದ್ದು ದುರದೃಷ್ಟದಿಂದಲ್ಲ, ಅದರ ರಚನೆಯಿಂದ.

ಪಂದ್ಯದ ಪಟ್ಟಿಯಲ್ಲಿ, ಪಂದ್ಯದ ಟೈರುಗಳಿಂದ ಓಡುವ ಮುಂಚಕ್ರದ ಕಾರುಗಳೂ ಮುಂದಿನ ಟೈರುಗಳನ್ನು ಹೀಗೆ ಕಾಯಿಸುವುದುಂಟು. ಅಲ್ಲಿ ಅದಕ್ಕೆ ಅರ್ಥವಿದೆ. ಬೀದಿಯ ಕಾರಿಗೆ ಹಾಕಿದ ಗಟ್ಟಿ ರಬ್ಬರಿನ ಟೈರಿಗೆ ಇದರಿಂದ ಒದಗುವ ಪ್ರಯೋಜನವಿಲ್ಲ. ಸವೆತ, ಕ್ಲಚ್ಚಿನ ದಾಹ, ಆಕ್ಸಲಿನ ಸಂದುಗಳ ಮುರಿತ ಇವಷ್ಟೇ ಉಳಿಯುವ ಫಲ. ಉದ್ದೇಶವು ಕಳಚಿಬಿದ್ದು ಕ್ರಿಯೆ ಮಾತ್ರ ಉಳಿದ ಆಚಾರಗಳು ಚರಿತ್ರೆಯಲ್ಲಿ ಹಲವು, ಇದೂ ಅವುಗಳಲ್ಲೊಂದು. ಮುಂದೆ ಹೋಗುವುದಕ್ಕಾಗಿ ಹುಟ್ಟಿದ ಉಪಾಯವು, ಎಲ್ಲಿಗೂ ಹೋಗದಿರುವ ಪ್ರದರ್ಶನವಾಗಿ ಪರಿಣಮಿಸಿತು.

5

ಈ ಪ್ರದರ್ಶನಕ್ಕೆ ಹೆಬ್ಬಗೋಡಿಯ ಪರಿಸರ ಏಕೆ ಒದಗಿತೆಂಬುದನ್ನು ಇನ್ನು ನೋಡಬೇಕು. ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗ ಅವರ ದೂರದೃಷ್ಟಿಗೆ ಅನುಸಾರವಾಗಿ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಆರಂಭಿಸಿತು. ಅದರ ದಕ್ಷಿಣಕ್ಕೆ ಬೊಮ್ಮಸಂದ್ರ ಬೆಳೆಯಿತು. ಗಡಿಯಾಚೆಯ ಹೊಸೂರಿನಲ್ಲಿ ಮೋಟಾರು ವಾಹನಗಳ ಕಾರ್ಖಾನೆಗಳು ನೆಲೆಗೊಂಡುವು. ರಾಗಿಯ ಹೊಲಗಳ ನಡುವೆ ಹಾಯುತ್ತಿದ್ದ ದಾರಿ ಹೀಗೆ ಕೈಗಾರಿಕೆಯ ಬೆನ್ನೆಲುಬಾಯಿತು. 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಮೇಲುರಸ್ತೆ ತೆರೆಯಿತು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಮೆಟ್ರೋ ಸಂಚಾರ ಮೊದಲಾಗಿ, ಹೆಬ್ಬಗೋಡಿಯ ಹೆಸರು ನಿಲ್ದಾಣವೊಂದರ ಫಲಕವನ್ನೇರಿತು.

ಕೈಗಾರಿಕಾ ಪ್ರದೇಶದ ರಸ್ತೆಗೆ ಊರಿನ ರಸ್ತೆಯಿಂದ ಭಿನ್ನವಾದ ಒಂದು ಗುಣವಿದೆ. ಊರಿನ ಬೀದಿಯನ್ನು ಮನೆಗಳ ಜಗಲಿಗಳು ಕಾಯುತ್ತವೆ. ಅಲ್ಲಿ ತಪ್ಪುಮಾಡಿದ ಹುಡುಗನನ್ನು ‘ಯಾರ ಮಗನಪ್ಪ ನೀನು?’ ಎಂದು ಕೇಳಲು ಒಬ್ಬ ಅಜ್ಜನಾದರೂ ಇರುತ್ತಾನೆ. ಕಾರ್ಖಾನೆಯ ರಸ್ತೆಗೆ ಇರುವುದು ಗೋಡೆ ಮತ್ತು ಗೇಟು. ಲಾರಿ ತಿರುಗಲೆಂದು ಅದನ್ನು ಅಗಲವಾಗಿ ಮಾಡಿರುತ್ತಾರೆ. ಪಾಳಿ ಬದಲಾಗುವ ಹೊತ್ತನ್ನು ಬಿಟ್ಟರೆ ಅದಕ್ಕೆ ಜನರಿಲ್ಲ. ಒಳಗಿನ ಕಾವಲುಗಾರರಿಗೆ ಗೇಟಿನೊಳಗಿನದು ಮಾತ್ರ ಹೊಣೆ. ಹೀಗೆ ಅಗಲವೂ ನುಣುಪೂ ಆದ, ಆದರೆ ಒಡೆಯನಿಲ್ಲದಂತೆ ಕಾಣುವ ನೆಲವೊಂದು ಊರಿನ ಪಕ್ಕದಲ್ಲಿಯೇ ಸೃಷ್ಟಿಯಾಯಿತು. ಇದಕ್ಕೆ ಜೊತೆಯಾಗಿ, ಬೇರೆ ಬೇರೆ ಊರುಗಳಿಂದ ದುಡಿಮೆಗೆಂದು ಬಂದು ಬಾಡಿಗೆಯ ಕೋಣೆಗಳಲ್ಲಿರುವ ತರುಣರಿಗೆ ವಾರದ ಒಂದು ರಾತ್ರಿಯ ಬಿಡುವು ಬಿಟ್ಟರೆ ಆಟದ ಬಯಲೆಂಬುದಿಲ್ಲ. ಇದನ್ನು ಅವರ ತಪ್ಪಿಗೆ ಸಮರ್ಥನೆಯೆಂದು ತಿಳಿಯಬಾರದು. ಕಾರಣವನ್ನು ತೋರಿಸುವುದಷ್ಟೇ ಇಲ್ಲಿಯ ಅಭಿಪ್ರಾಯ.

ಸಾರ್ವಜನಿಕರ ಸಹನೆಗೂ ಮಿತಿಯಿದೆ. ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಸಮೀಪ 2024ರ ಆಗಸ್ಟಿನಲ್ಲಿ, ಸ್ಕೂಟರುಗಳಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರಿಂದ ರೋಸಿದ ಜನರು ಎರಡು ಸ್ಕೂಟರುಗಳನ್ನು ಮೇಲುಸೇತುವೆಯಿಂದ ಕೆಳಕ್ಕೆ ಎಸೆದರು. ಆ ಕೋಪ ಅರ್ಥವಾಗತಕ್ಕದ್ದು. ಆದರೆ ಕೆಳಗಿನ ರಸ್ತೆಯಲ್ಲಿಯೂ ಜನ ಓಡಾಡುತ್ತಾರೆಂಬುದನ್ನು ಮರೆತ ಕೋಪ ಅದು.

6

ಕಾನೂನು ಇದನ್ನು ಹೇಗೆ ನೋಡುತ್ತದೆ? 1988ರ ಮೋಟಾರು ವಾಹನಗಳ ಅಧಿನಿಯಮದ 189ನೆಯ ಪ್ರಕರಣವು ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಡೆಸುವ ಪಂದ್ಯವನ್ನೂ ವೇಗದ ಪರೀಕ್ಷೆಯನ್ನೂ ಅಪರಾಧವೆಂದು ಸಾರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲನೆಯ ಸಲಕ್ಕೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು. 184ನೆಯ ಪ್ರಕರಣ ಅಪಾಯಕರ ಚಾಲನೆಯನ್ನು ಕುರಿತದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣ, ಹಳೆಯ ದಂಡಸಂಹಿತೆಯ 279ರ ಸ್ಥಾನದಲ್ಲಿ, ಸಾರ್ವಜನಿಕ ಮಾರ್ಗದಲ್ಲಿ ದುಡುಕಿನ ಚಾಲನೆಯನ್ನು ಶಿಕ್ಷಿಸುತ್ತದೆ. ಇವುಗಳ ಕೆಳಗೆ ಬರ್ನ್‌ಔಟಿನ ಮೇಲೆ ಕ್ರಮ ಕೈಗೊಳ್ಳಲು ಪೋಲೀಸರಿಗೆ ಅಡ್ಡಿಯಿಲ್ಲ. ಆದರೆ ಈ ಕಾನೂನುಗಳ ಕಲ್ಪನೆಯಲ್ಲಿ ಅಪಾಯವೆಂದರೆ ಮುಖ್ಯವಾಗಿ ಓಟ ಮತ್ತು ವೇಗ. ನಿಂತಲ್ಲೇ ತಿರುಗುವ ಚಕ್ರಕ್ಕೆ ಅವುಗಳಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ತರುಣರು ‘ನಾವು ವೇಗವಾಗಿ ಹೋಗಲೇ ಇಲ್ಲವಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಈ ವಿಷಯದಲ್ಲಿ ಆಸ್ಟ್ರೇಲಿಯದ ಅನುಭವ ಉಪಯುಕ್ತವಾದುದು. ಅಲ್ಲಿಯ ನ್ಯೂ ಸೌತ್ ವೇಲ್ಸ್ ರಾಜ್ಯದ 2013ರ ರಸ್ತೆ ಸಾರಿಗೆ ಅಧಿನಿಯಮದ 116ನೆಯ ಪ್ರಕರಣವು, ಚಾಲಕ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಂಡೇ ಇರುವಂತೆ ರಸ್ತೆಯಲ್ಲಿ ವಾಹನ ನಡೆಸುವುದನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿದೆ. ಅದೇ ದೇಶದ ಕ್ಯಾನ್‌ಬೆರಾ ನಗರದಲ್ಲಿ 1988ರಿಂದ ನಡೆದುಬಂದಿರುವ ಸಮ್ಮರ್‌ನ್ಯಾಟ್ಸ್ ಎಂಬ ಮೇಳದಲ್ಲಿ, ಬೇಲಿ ಹಾಕಿದ ಅಂಗಳದೊಳಗೆ ಬರ್ನ್‌ಔಟಿನ ಸ್ಪರ್ಧೆಯೇ ಇದೆ. ಒಂದು ಕೈಯಿಂದ ಬೀದಿಯಲ್ಲಿ ನಿಷೇಧ, ಇನ್ನೊಂದು ಕೈಯಿಂದ ಅಂಗಳದಲ್ಲಿ ಅವಕಾಶ: ಇವು ಪರಸ್ಪರ ವಿರುದ್ಧವಲ್ಲ. ದಕ್ಷಿಣ ಭಾರತದ ಮೋಟಾರು ಪಂದ್ಯಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮದರಾಸಿನ ಬಳಿಯ ಸೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿ ದಶಕಗಳ ಕಾಲ ಪಂದ್ಯದ ನೆಲವಾಗಿ ಒದಗಿತ್ತು. ಬಳಕೆ ತಪ್ಪಿದ ನೆಲವೊಂದಕ್ಕೆ ಮೇಲ್ವಿಚಾರಣೆಯೂ ನಿಯಮವೂ ಸೇರಿದಾಗ ಅದು ಸಂಸ್ಥೆಯಾಗುತ್ತದೆ.

ಆದರೆ ದೃಷ್ಟಾಂತಕ್ಕಾಗಿ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಹುಸ್ಕೂರಿನ ತೇರುಗಳ ಮಾತನ್ನು ಮೇಲೆ ಎತ್ತಿದ್ದೆವು. ಚಕ್ರದ ಮೇಲಿನ ಮಹಾಪ್ರದರ್ಶನ ಈ ಸೀಮೆಗೆ ಪರಿಚಿತವೇ. ಆದರೆ ಅದಕ್ಕೆ ಗೊತ್ತಾದ ದಿನವಿದೆ, ಗೊತ್ತಾದ ದಾರಿಯಿದೆ. ಇಂಥ ಊರಿನ ತೇರಿಗೆ ಇಂಥವರು ಹೊಣೆ ಎಂಬುದು ಎಲ್ಲರಿಗೂ ತಿಳಿದಿದೆ. ಹಗ್ಗ ಹಿಡಿಯುವವರು, ದಾರಿ ಬಿಡಿಸುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಇಷ್ಟಿದ್ದೂ 2024ರಲ್ಲಿ ಒಂದು ತೇರು ಉರುಳಿತು. 2025ರಲ್ಲಿ ಗಾಳಿಮಳೆಗೆ ಸಿಕ್ಕಿ ತೇರುಗಳು ಉರುಳಿ ಜೀವಹಾನಿಯೂ ಆಯಿತು. ಸಂಪ್ರದಾಯವೂ ಅಪಾಯವನ್ನು ಪೂರ್ತಿಯಾಗಿ ತೊಡೆಯಲಾರದೆಂಬುದನ್ನು ಒಪ್ಪಲೇಬೇಕು. ಆದರೆ ತೇರು ಬಿದ್ದಾಗ ಎತ್ತರವನ್ನು ಕುರಿತು ಪ್ರಶ್ನೆ ಏಳುತ್ತದೆ, ಹೊಣೆ ಹೊತ್ತವರನ್ನು ಕೇಳಬಹುದು, ಮುಂದಿನ ವರ್ಷಕ್ಕೆ ಪಾಠ ಕಲಿಯಬಹುದು. ಕಾರ್ಖಾನೆಯ ಹಿಂದಿನ ಕತ್ತಲೆಯ ರಸ್ತೆಯಲ್ಲಿ ಕಾರು ಜಾರಿದರೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಸೋಮವಾರ ಉಳಿಯುವುದು ಕಪ್ಪು ಪಟ್ಟೆ ಮಾತ್ರ.

7

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹಿಸಬಹುದು. ಬರ್ನ್‌ಔಟ್ ತನ್ನ ಹುಟ್ಟಿನಲ್ಲಿ ಉದ್ದೇಶ, ಸ್ಥಳ, ಹೊಣೆಗಾರಿಕೆ ಈ ಮೂರನ್ನೂ ಹೊಂದಿದ್ದ ಕ್ರಿಯೆ. ನಮ್ಮಲ್ಲಿಗೆ ಬರುವಾಗ ಅದು ಮೂರನ್ನೂ ಕಳೆದುಕೊಂಡು ಬಂದಿತು. ಬಂದು ಸೇರಿದ್ದು ತನಗೆ ಒಗ್ಗದ ಯಂತ್ರವನ್ನು. ಮುಂಚಕ್ರದ ಚಿಕ್ಕ ಕಾರು ಸಾಮಾನ್ಯ ಕುಟುಂಬಗಳಿಗೆ ನಾಲ್ಕು ಚಕ್ರದ ವಾಹನವನ್ನು ಎಟುಕಿಸಿದ ಉಪಕಾರಿ. ಅದನ್ನು ನಿಂತಲ್ಲಿ ಸುಡುವುದರಿಂದ ಸುಡುವುದು ರಬ್ಬರು ಮಾತ್ರವಲ್ಲ, ಅನೇಕ ಮನೆಗಳಲ್ಲಿ ತಿಂಗಳ ಕಂತೂ ಹೌದು. ದಂಡವನ್ನು ಹೆಚ್ಚಿಸುವುದೊಂದೇ ಇದಕ್ಕೆ ಸಾಲುವ ಮದ್ದೆಂದು ತೋರುವುದಿಲ್ಲ. ಕಾನೂನು ಈ ಕೃತ್ಯವನ್ನು ಹೆಸರಿಟ್ಟು ಗುರುತಿಸಬೇಕು. ನಗರಸಭೆಯೂ ಕೈಗಾರಿಕೆಗಳೂ ಒಡೆಯನಿಲ್ಲದಂತಿರುವ ರಸ್ತೆಗಳಿಗೆ ರಾತ್ರಿಯ ದೀಪವನ್ನೂ ಕಾವಲನ್ನೂ ಒದಗಿಸಬೇಕು. ಯಂತ್ರದಲ್ಲಿ ನಿಜವಾದ ಆಸಕ್ತಿಯುಳ್ಳ ತರುಣರಿಗೆ ಬೇಲಿಯೊಳಗೆ, ಬಲ್ಲವರ ಮೇಲ್ವಿಚಾರಣೆಯಲ್ಲಿ ಕಲಿಯುವ ಅಂಗಳವೊಂದು ದೊರೆಯಬೇಕು.

ಅಧ್ಯಾಪಕರಾದ ನಮ್ಮ ಕೆಲಸ ಇದಕ್ಕಿಂತ ಚಿಕ್ಕದು, ಆದರೆ ನಮ್ಮ ಕೈಯಲ್ಲಿರುವುದು. ಈ ಗುರುತುಗಳು ಶಾಸನಗಳಂತೆ ಸಾವಿರ ವರ್ಷ ಕಾಯುವುದಿಲ್ಲ. ಎರಡು ಮಳೆಗಾಲಕ್ಕೆ ಮಾಸುತ್ತವೆ, ಹೊಸ ಡಾಂಬರು ಬಿದ್ದರೆ ಮರೆಯಾಗುತ್ತವೆ. ಆದುದರಿಂದ ನಮ್ಮ ತರಗತಿಯ ಆರು ಮಂದಿ ವಿದ್ಯಾರ್ಥಿಗಳು ಒಂದು ಪುಸ್ತಕವನ್ನಿಟ್ಟುಕೊಂಡು, ಹಗಲು ಹೊತ್ತಿನಲ್ಲಿ ಅವುಗಳ ಸ್ಥಳ, ಉದ್ದ, ಕಂಡ ದಿನಾಂಕಗಳನ್ನು ಬರೆದಿಡುತ್ತಿದ್ದಾರೆ. ಮುಂದೆ ಎರಡು ದಟ್ಟ ಪಟ್ಟೆ, ಅವುಗಳ ಹಿಂದೆ ಎರಡು ತೆಳುವಾದ ಗೀರು ಕಂಡರೆ, ಅದು ಹಿಂಚಕ್ರವನ್ನು ಬಿಗಿದ ಮುಂಚಕ್ರದ ಕಾರೆಂದು ಓದಲು ಅವರು ಕಲಿತಿದ್ದಾರೆ. ತೆಳುವಾದ ಗೀರಿನ ಉದ್ದವೇ ಕಾರು ಚಾಲಕನ ಇಚ್ಛೆಗೆ ವಿರುದ್ಧವಾಗಿ ಜಾರಿದ ದೂರ. ಆ ಪುಸ್ತಕದ ಮೊದಲನೆಯ ಪುಟದಲ್ಲಿ ದಾಖಲಾಗಿರುವ ಗೀರು ಹನ್ನೊಂದು ಅಡಿಯದು. ಅದನ್ನು ಅಳೆದು ಬರೆದವನು ಆ ರಾತ್ರಿ ಕಾರು ನಡೆಸಿದ ವಿದ್ಯಾರ್ಥಿಯೇ. ಅಳತೆಯ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದಿದ್ದವನು ಚರಂಡಿಗೆ ಹಾರಿ ಉಳಿದುಕೊಂಡ ಅವನ ಗೆಳೆಯ.